ಮೂತಿ ಸರಿಯಿತ್ತು, ಎಂಜಿನ್ ತಪ್ಪಿತ್ತು: 1:400 ಬೋಯಿಂಗ್ 777 ಮಾದರಿಯೊಂದರ ಪ್ರಕರಣ ಅಧ್ಯಯನ

ಡೈ-ಕಾಸ್ಟ್, ಅಂದರೆ ಕರಗಿಸಿದ ಲೋಹವನ್ನು ಅಚ್ಚಿಗೆ ಹೊಯ್ದು ಮಾಡಿದ, ಪುಟ್ಟ ವಿಮಾನಗಳನ್ನು ಕೂಡಿಡುವ ಗೆಳೆಯರೊಬ್ಬರು 1:400 ಅಳತೆಯ (ನಿಜದ ನಾನೂರನೇ ಒಂದು ಭಾಗದ) ಬೋಯಿಂಗ್ 777-200ಇಆರ್ ಮಾದರಿಯನ್ನು ತರಿಸಿದ್ದರು. ಬ್ರಿಟಿಷ್ ಏರ್‌ವೇಸ್ ಬಣ್ಣ, ನೋಂದಣಿ (ಪ್ರತಿ ವಿಮಾನಕ್ಕೂ ಬೇರೆಯಾಗಿರುವ ಗುರುತಿನ ಅಕ್ಷರಗಳು) ಜಿ-ವೈಎಂಎಂಎ. ಪೆಟ್ಟಿಗೆ ಬಿಚ್ಚಿದ ಕೂಡಲೇ ಅವರಿಗೆ ಮೂರು ವಿಷಯ ಕಣ್ಣಿಗೆ ಹೊಡೆದವು. ಮೂತಿ ಜೋತುಬಿದ್ದಂತಿದೆ, ಹೊಟ್ಟೆಯ ನೀಲಿ ವಿಪರೀತ ಗಾಢವಾಗಿದೆ, ಎಡರೆಕ್ಕೆ ಬಲಕ್ಕಿಂತ ಮೇಲೆ ನಿಂತಿದೆ. ವಾಪಸ್ ಕಳಿಸುವ ಗಡುವು ಇನ್ನೂ ಇತ್ತು. "ಇದನ್ನು ಇಟ್ಟುಕೊಳ್ಳಲೋ, ಕಳಿಸಲೋ? ಒಮ್ಮೆ ನೀವೇ ನೋಡಿ ಹೇಳಿಬಿಡಿ" ಎಂದು ಮಾದರಿಯನ್ನು ನನ್ನ ಕೈಗೆ ಕೊಟ್ಟರು.

ನೋಡುವುದಕ್ಕೆ ಮೊದಲು ನಾನು ಕೇಳಿದ್ದು, ಇಷ್ಟೊಂದು 777ಗಳಿರುವಾಗ ಇದೇ ನೋಂದಣಿ ಯಾಕೆ ಬೇಕಾಯಿತು ಅಂತ. ಅವರ ಹತ್ತಿರ ಅದೇ ಬಣ್ಣದ, ಅದೇ ಅಳತೆಯ ಜಿ-ವಿಐಐಎ ಆಗಲೇ ಇದೆ. ಒಂದೇ ವಿಮಾನಯಾನ ಸಂಸ್ಥೆ ಒಂದೇ ಜಾತಿಯ ವಿಮಾನವನ್ನು ಎರಡು ಬೇರೆ ಎಂಜಿನ್‌ಗಳೊಂದಿಗೆ ಹಾರಿಸಿತು ಎಂಬುದನ್ನು ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಬೇಕೆಂಬುದು ಅವರ ಆಸೆ. ಈ ಉತ್ತರ ಸಿಗದೇ ಹೋಗಿದ್ದರೆ ನನ್ನ ತೀರ್ಪೇ ಬೇರೆಯಾಗುತ್ತಿತ್ತು. ಮಾದರಿಯೊಂದು ಚೆನ್ನಾಗಿದೆಯೇ ಎಂದು ಸುಮ್ಮನೆ ಕೇಳಿದರೆ ಉತ್ತರ ಹೇಳಲಾಗದು. ಯಾವ ವಿಮಾನ, ಯಾವ ಕಾಲದ್ದು, ಯಾವುದನ್ನು ತೋರಿಸಲು ಎಂಬುದು ಗೊತ್ತಿದ್ದರೆ ಮಾತ್ರ ಅಳೆಯಲು ಏನಾದರೂ ಇರುತ್ತದೆ.

ದೋಷ ಎಲ್ಲಿ ಹುಟ್ಟಿತು?

ದೋಷ ಕಂಡ ತಕ್ಷಣ ಅದು ದೊಡ್ಡದೋ ಚಿಕ್ಕದೋ ಎಂದು ಜಗಳಕ್ಕೆ ಬೀಳುವ ಸಂಗ್ರಾಹಕರೇ ಹೆಚ್ಚು. ನಾನು ಮೊದಲು ನೋಡುವುದು ಅದು ಹುಟ್ಟಿದ ಜಾಗವನ್ನು. ಈ ಮಾದರಿಗಳ ಮೈ ಸತುವಿನ ಮಿಶ್ರಲೋಹದ್ದು. ಸುಮಾರು ನಾಲ್ಕು ಶೇಕಡಾ ಅಲ್ಯೂಮಿನಿಯಂ ಸೇರಿಸಿದ ಸತುವನ್ನು ಕರಗಿಸಿ, ಒತ್ತಡದಲ್ಲಿ ಉಕ್ಕಿನ ಅಚ್ಚಿಗೆ ನುಗ್ಗಿಸುತ್ತಾರೆ. ಅಚ್ಚು ದುಬಾರಿ, ಒಮ್ಮೆ ಕೊರೆದರೆ ವರ್ಷಗಟ್ಟಲೆ ಅದನ್ನೇ ಬಳಸುತ್ತಾರೆ. ಹಾಗಾಗಿ ಅಚ್ಚಿನಲ್ಲೇ ಮೂತಿ ಕೆಟ್ಟಿದ್ದರೆ ಆ ತಯಾರಕರ ಎಲ್ಲ 777ಗಳ ಮೂತಿಯೂ ಕೆಟ್ಟಿರುತ್ತದೆ, ಯಾವ ಬಣ್ಣ ಬಳಿದರೂ ಅಷ್ಟೆ.

ಎರಡನೆಯದು ಮುದ್ರಣ. ಕಿಟಕಿ, ಬಾಗಿಲು, ಅಕ್ಷರ, ಲಾಂಛನಗಳೆಲ್ಲ ಪ್ಯಾಡ್ ಪ್ರಿಂಟಿಂಗ್‌ನಲ್ಲಿ ಬರುತ್ತವೆ. ಕೊರೆದ ಫಲಕದ ಮೇಲಿನ ಮಸಿಯನ್ನು ಮೆತ್ತನೆಯ ಸಿಲಿಕೋನ್ ದಿಂಬು ಎತ್ತಿಕೊಂಡು ಬಂದು ದುಂಡಗಿನ ಲೋಹದ ಮೇಲೆ ಒತ್ತುತ್ತದೆ. ಒಂದೊಂದು ಬಣ್ಣಕ್ಕೂ ಒಂದೊಂದು ಒತ್ತು. ಚಿತ್ರವನ್ನೇ ತಪ್ಪಾಗಿ ಬಿಡಿಸಿದ್ದರೆ ಆ ಬಿಡುಗಡೆಯ ಅಷ್ಟೂ ಮಾದರಿಗಳಲ್ಲಿ ತಪ್ಪಿರುತ್ತದೆ. ಒತ್ತುವಾಗ ಕದಲಿದ್ದರೆ ಕೆಲವದರಲ್ಲಿ ಮಾತ್ರ. ಮೂರನೆಯದು ಜೋಡಣೆ. ರೆಕ್ಕೆ, ಚಕ್ರ, ಎಂಜಿನ್‌ಗಳನ್ನು ಕೈಯಿಂದ ಕೂರಿಸುವಾಗ ಆಗುವ ಎಡವಟ್ಟು ಆ ಒಂದು ಪೆಟ್ಟಿಗೆಯೊಳಗಿನ ಮಾದರಿಗೆ ಸೀಮಿತ.

ಬದಲಿ ಮಾದರಿ ಕೇಳಿದರೆ ಜೋಡಣೆಯ ದೋಷ ನೀಗುತ್ತದೆ, ಮುದ್ರಣದ ದೋಷ ನೀಗಲೂಬಹುದು, ಅಚ್ಚಿನ ದೋಷ ಮಾತ್ರ ನೀಗುವುದೇ ಇಲ್ಲ. "ಬದಲಾಯಿಸಿ ಕೊಡಿ" ಎಂದು ಬರೆಯುವ ಮೊದಲು ಇದು ತಿಳಿದಿರಬೇಕು.

ಮೂತಿ

ಗೆಳೆಯರು ಮೂತಿಯ ಫೋಟೊ ತೆಗೆದದ್ದು ಫೋನಿನಲ್ಲಿ, ಗೇಣಿಗಿಂತ ಹತ್ತಿರದಿಂದ, ಸುಮಾರು 15 ಸೆಂಟಿಮೀಟರ್ ದೂರದಲ್ಲಿ ಹಿಡಿದು. 400ರಿಂದ ಗುಣಿಸಿದರೆ ಇದು 60 ಮೀಟರ್. ನಿಜವಾದ 777-200ಇಆರ್‌ನ ಉದ್ದ 63.73 ಮೀಟರ್. ಅಂದರೆ ವಿಮಾನದ ಉದ್ದಕ್ಕಿಂತಲೂ ಹತ್ತಿರದಲ್ಲಿ, ಮೂತಿಯ ಮುಂದೆಯೇ ನಿಂತು, ಅಗಲ ನೋಟದ ಲೆನ್ಸಿನಲ್ಲಿ ತೆಗೆದ ಚಿತ್ರ ಅದು. ಅವರು ಹೋಲಿಸಿ ನೋಡಿದ್ದು ರನ್‌ವೇ ಬದಿಯಿಂದ ದೂರದ ಲೆನ್ಸ್ ಹಾಕಿ ತೆಗೆದ ನಿಜ ವಿಮಾನದ ಚಿತ್ರಗಳ ಜೊತೆ. ಅಂಥ ಚಿತ್ರಗಳನ್ನು ಸಾಮಾನ್ಯವಾಗಿ ನೂರಾರು ಮೀಟರ್ ದೂರದಿಂದ ತೆಗೆದಿರುತ್ತಾರೆ. ಹತ್ತಿರದ ಚಿತ್ರದಲ್ಲಿ ಮುಂಭಾಗ ಉಬ್ಬುತ್ತದೆ, ಹಿಂಭಾಗ ಕುಗ್ಗುತ್ತದೆ, ಇಳಿಜಾರುಗಳೆಲ್ಲ ಕಡಿದಾಗಿ ಕಾಣುತ್ತವೆ. ನಿಜ ವಿಮಾನವನ್ನೇ 60 ಮೀಟರ್‌ನಿಂದ ಹಾಗೆ ತೆಗೆದರೂ ಅದರ ಮೂತಿ ಜೋತುಬಿದ್ದಂತೆಯೇ ಕಾಣುತ್ತದೆ.

ಆದ್ದರಿಂದ ಮಾದರಿಯನ್ನು ಒಂದೂವರೆ ಮೀಟರ್ ಆಚೆ, ಕ್ಯಾಮೆರಾದ ಎತ್ತರಕ್ಕೆ ಸರಿಯಾಗಿ ಇಟ್ಟು, ಜೂಮ್ ಮಾಡಿ ಪಕ್ಕದ ನೋಟ ತೆಗೆದೆ. ಅಳತೆಯ ಲೆಕ್ಕದಲ್ಲಿ ಅದು 600 ಮೀಟರ್. ವಿಮಾನ ನಿಲ್ದಾಣಗಳ ಯೋಜನೆಗಾಗಿ ಬೋಯಿಂಗ್ ಪ್ರಕಟಿಸುವ ದಾಖಲೆಯಲ್ಲಿ 777ರ ಪಕ್ಕದ ನೋಟದ ನಕ್ಷೆ ಅಳತೆಗಳ ಸಮೇತ ಇದೆ. ಸಂಗ್ರಾಹಕರಿಗೆ ಇದಕ್ಕಿಂತ ಒಳ್ಳೆಯ ಆಧಾರ ಇನ್ನೊಂದಿಲ್ಲ, ಆದರೂ ಅದನ್ನು ತೆರೆದು ನೋಡುವವರು ಕಡಿಮೆ ಎಂಬುದು ನನಗೆ ಬೇಸರದ ಸಂಗತಿ. ಆ ನಕ್ಷೆಯನ್ನು ಫೋಟೊದ ಮೇಲೆ ಅರೆಪಾರದರ್ಶಕವಾಗಿ ಹಾಸಿ, ಮೂತಿಯ ತುದಿ ಮತ್ತು ಬಾಲದ ತುದಿಗಳನ್ನು ಕೂಡಿಸಿದಾಗ ಮೂತಿಯ ಅಂಚು ಗೆರೆಗೆ ಗೆರೆ ಹೊಂದಿತು. ಅಚ್ಚಿನಲ್ಲಿ ತಪ್ಪಿರಲಿಲ್ಲ.

ಆದರೆ ಗೆಳೆಯರ ಕಣ್ಣು ಸುಮ್ಮನೆ ತಕರಾರು ತೆಗೆದಿರಲಿಲ್ಲ. ಅದೇ ಹಾಸಿನಲ್ಲಿ ಕಾಕ್‌ಪಿಟ್ ಗಾಜುಗಳ ಸಾಲು ನಕ್ಷೆಗಿಂತ ಸುಮಾರು 0.3 ಮಿಲಿಮೀಟರ್ ಕೆಳಗೆ ಕೂತಿರುವುದು ಕಂಡಿತು. ನಿಜ ವಿಮಾನದಲ್ಲಿ ಅದು 12 ಸೆಂಟಿಮೀಟರ್. ಗಾಜು ಕೆಳಗಿಳಿದರೆ ಅದರ ಮೇಲಿನ ಹಣೆ ಎತ್ತರವಾಗಿ, ಕೆಳಗಿನ ಮೂತಿ ಗಿಡ್ಡವಾಗಿ ಕಾಣುತ್ತದೆ. ನೋಡುವವರಿಗೆ ಇಡೀ ಮುಖವೇ ತಗ್ಗಿದಂತೆ ಅನಿಸುತ್ತದೆ. ವಿಮಾನದ ಮುಖಭಾವವನ್ನು ತೀರ್ಮಾನಿಸುವುದು ಲೋಹಕ್ಕಿಂತ ಹೆಚ್ಚಾಗಿ ಈ ಆರು ಕಪ್ಪು ಗಾಜುಗಳೇ. ಎಷ್ಟೋ ಒಳ್ಳೆಯ ಅಚ್ಚುಗಳ ಹೆಸರು ಕೆಟ್ಟಿರುವುದು ಗಾಜಿನ ಮುದ್ರಣದಿಂದ, ಕೆಲವು ಸಾಧಾರಣ ಅಚ್ಚುಗಳು ಹೊಗಳಿಸಿಕೊಂಡಿರುವುದೂ ಅದರಿಂದಲೇ. ಗೆಳೆಯರ ದೂರು ನಿಜ, ಆದರೆ ಅಚ್ಚಿನ ಮೇಲೆ ಹೊರಿಸಿದ್ದು ಸರಿಯಲ್ಲ. ಅದನ್ನು ಮುದ್ರಣದ ಲೆಕ್ಕಕ್ಕೆ ಬರೆದುಕೊಂಡೆ.

ಕ್ಯಾಲಿಪರ್ ಹಿಡಿದು

ಡಿಜಿಟಲ್ ಕ್ಯಾಲಿಪರ್‌ನಲ್ಲಿ ಉದ್ದ 159.1 ಮಿ.ಮೀ. ಬಂತು, ಬರಬೇಕಾದದ್ದು 159.3. ರೆಕ್ಕೆಯ ತುದಿಯಿಂದ ತುದಿಗೆ 152.0, ಬರಬೇಕಾದದ್ದು 152.3, ಏಕೆಂದರೆ ನಿಜ ವಿಮಾನದ ರೆಕ್ಕೆಗಳ ಹರವು 60.93 ಮೀಟರ್. ಒಡಲಿನ ಅಗಲ 6.20 ಮೀಟರ್, 400ರಿಂದ ಭಾಗಿಸಿದರೆ 15.5, ಮಾದರಿಯಲ್ಲೂ ಬಣ್ಣದ ದಪ್ಪ ಸೇರಿ ಹೆಚ್ಚುಕಡಿಮೆ ಅಷ್ಟೇ. ಸತು ಆರುವಾಗ ಕುಗ್ಗುತ್ತದೆ, ಅದಕ್ಕೆಂದೇ ಅಚ್ಚನ್ನು ತುಸು ದೊಡ್ಡದಾಗಿ ಕೊರೆಯುತ್ತಾರೆ. ಆ ಲೆಕ್ಕದಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆ ಆಗುವುದು ಸಹಜ. ಉದ್ದದಲ್ಲಿ 0.2 ಮಿ.ಮೀ. ವ್ಯತ್ಯಾಸಕ್ಕೆ ದೂರು ಹೇಳುವುದು ನ್ಯಾಯವಲ್ಲ.

ಒಂದು ಮಾತನ್ನು ಮೆಚ್ಚಿಯೇ ಹೇಳಬೇಕು. 777ರ ಬಾಲದ ತುದಿ ದುಂಡಗಿನ ಕೊಳವೆಯಲ್ಲ, ನಿಲ್ಲಿಸಿದ ಅಲಗಿನಂತೆ ಚಪ್ಪಟೆ. ಒಳಗಿರುವ ಸಹಾಯಕ ಎಂಜಿನ್‌ನ ಹೊಗೆ ಹೊರಬೀಳುವುದು ಎಡಗಡೆ ಮಾತ್ರ. ಎರಡೂ ಬದಿ ಒಂದೇ ಥರ ಮಾಡಿ ಮುಗಿಸಿಬಿಡುವ ಆಸೆ ಯಾವ ತಯಾರಕರಿಗಾದರೂ ಆಗಬಹುದು. ಇಲ್ಲಿ ಎಡಗಡೆ ಬಾಯಿ ಸ್ಪಷ್ಟವಾಗಿತ್ತು, ಬಲಗಡೆ ನುಣುಪಾಗಿತ್ತು. ಅಚ್ಚು ಕೊರೆದವರು ವಿಮಾನವನ್ನು ನಿಜವಾಗಿ ನೋಡಿದವರು ಅಂದುಕೊಂಡೆ. ಮುಂದೆ ಸಿಕ್ಕ ತಪ್ಪು ನನ್ನನ್ನು ಅಷ್ಟು ಕಾಡಿದ್ದು ಇದೇ ಕಾರಣಕ್ಕೆ.

ಪ್ರಯಾಣಿಕರ ಕಿಟಕಿಗಳನ್ನು ಭೂತಗನ್ನಡಿಯಲ್ಲಿ ನೋಡಿದೆ. ನಿಜ ಕಿಟಕಿ ಸುಮಾರು 38 ಸೆಂಟಿಮೀಟರ್ ಎತ್ತರ, 25 ಅಗಲ. ಈ ಅಳತೆಯಲ್ಲಿ ಒಂದು ಮಿಲಿಮೀಟರ್ ಕೂಡ ಇಲ್ಲ. ಅಷ್ಟು ಸಣ್ಣ ಚುಕ್ಕೆಗಳ ಮೂಲೆ ದುಂಡಗೆ ಉಳಿದಿತ್ತು, ಮಸಿ ಹರಡಿರಲಿಲ್ಲ, ನಾಲ್ಕು ಬಾಗಿಲುಗಳ ನಡುವೆ ಸಾಲು ಎಲ್ಲೂ ಏರಿಳಿದಿರಲಿಲ್ಲ. ಬಾಲದ ಮೇಲಿನ ಧ್ವಜದ ಅಲೆಗಳಲ್ಲೂ ಕೆಂಪು ನೀಲಿಗಳ ನಡುವೆ ಬಿಳಿ ಎಳೆ ಸಮನಾಗಿತ್ತು. ಪ್ಯಾಡ್ ಪ್ರಿಂಟಿಂಗ್‌ನಲ್ಲಿ ಮೊದಲು ಕೈಕೊಡುವುದು ಇಂಥ ಎಳೆಗಳೇ.

ನೀಲಿಯ ವಿಷಯಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಗೆಳೆಯರು ನೋಡಿದ್ದು ಹಳದಿ ದೀಪದ ಕೆಳಗೆ. ಅಂಥ ಬೆಳಕಿನಲ್ಲಿ ಗಾಢ ನೀಲಿ ಕಪ್ಪಿಗೆ ತಿರುಗುತ್ತದೆ. ಕಿಟಕಿಯ ಹತ್ತಿರ, ನೇರ ಬಿಸಿಲು ಬೀಳದ ಹಗಲು ಬೆಳಕಿನಲ್ಲಿ ಅವರ ಹಳೆಯ ಜಿ-ವಿಐಐಎ ಪಕ್ಕದಲ್ಲಿ ಇಟ್ಟಾಗ ಎರಡೂ ನೀಲಿ ಹೊಂದಿದವು, ಅವರೂ ಒಪ್ಪಿದರು. ತೆರೆಯ ಮೇಲಿನ ಫೋಟೊ ನೋಡಿ ಬಣ್ಣಕ್ಕೆ ತೀರ್ಪು ಕೊಡುವುದನ್ನು ನಾನಂತೂ ಬಿಟ್ಟುಬಿಟ್ಟಿದ್ದೇನೆ. ಕ್ಯಾಮೆರಾ ಬಿಳಿಯನ್ನು ತನಗೆ ತೋಚಿದಂತೆ ಸರಿಪಡಿಸಿಕೊಂಡಿರುತ್ತದೆ.

ರೆಕ್ಕೆಯ ದೂರು ನಿಜವಾಗಿತ್ತು. ಸಮತಟ್ಟಾದ ಗಾಜಿನ ಮೇಲೆ ನಿಲ್ಲಿಸಿ ಎರಡೂ ತುದಿಗಳ ಎತ್ತರ ಅಳೆದರೆ ಎಡತುದಿ ಒಂದು ಮಿಲಿಮೀಟರ್ ಮೇಲಿತ್ತು. ರೆಕ್ಕೆಯನ್ನು ಒಡಲಿನ ಸೀಳಿಗೆ ತೂರಿಸಿ ಕೂರಿಸುವ ಮಾದರಿ ಇದು, ಎಡಗಡೆಯದು ಪೂರ್ತಿ ಒಳಗೆ ಹೋಗಿರಲಿಲ್ಲ. ರೆಕ್ಕೆ ಒಡಲಿಗೆ ಸೇರುವಲ್ಲಿ ಉಗುರು ಸಿಕ್ಕುವಷ್ಟು ಸಂದಿಯೂ ಇತ್ತು. ಬಲಗಡೆಯ ಮುಖ್ಯ ಚಕ್ರಗಳ ಗುಂಪಿನಲ್ಲಿ ಆರರಲ್ಲಿ ಮುಂದಿನ ಎರಡು ನೆಲಕ್ಕೆ ತಾಗುತ್ತಿರಲಿಲ್ಲ. ಎರಡೂ ಜೋಡಣೆಯ ದೋಷ, ಇನ್ನೊಂದು ಮಾದರಿಯಲ್ಲಿ ಇರಬೇಕೆಂದಿಲ್ಲ.

ಯಾರೂ ದೂರು ಹೇಳದ ಎಂಜಿನ್

ಎರಡು 777ಗಳನ್ನು ಬಣ್ಣ ಹೋಲಿಸಲು ಅಕ್ಕಪಕ್ಕ ಇಟ್ಟಿದ್ದೆನಲ್ಲ, ಆಗಲೇ ಕಂಡಿದ್ದು. ಎರಡರ ಎಂಜಿನ್ ಕವಚಗಳೂ ಒಂದೇ ಗಾತ್ರ, ಒಂದೇ ಆಕಾರ. ಹಾಗಿರಬಾರದಾಗಿತ್ತು.

777-200ಇಆರ್‌ಗೆ ಕೊಳ್ಳುವವರು ಮೂರು ಎಂಜಿನ್‌ಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದಿತ್ತು: ಜನರಲ್ ಎಲೆಕ್ಟ್ರಿಕ್‌ನ ಜಿಇ90, ಪ್ರ್ಯಾಟ್ ಅಂಡ್ ವಿಟ್ನಿಯ ಪಿಡಬ್ಲ್ಯು4000, ರೋಲ್ಸ್-ರಾಯ್ಸ್‌ನ ಟ್ರೆಂಟ್ 800. ಬ್ರಿಟಿಷ್ ಏರ್‌ವೇಸ್ ಮೊದಲು ಆರಿಸಿದ್ದು ಜಿಇ90. ಆ ಎಂಜಿನ್ 1995ರ ನವೆಂಬರ್‌ನಲ್ಲಿ ಸೇವೆಗೆ ಇಳಿದದ್ದೇ ಈ ಸಂಸ್ಥೆಯಲ್ಲಿ. ಜಿ-ವಿಐಐ ಎಂದು ಶುರುವಾಗುವ ನೋಂದಣಿಗಳೆಲ್ಲ ಜಿಇ90 ಹೊತ್ತವು. 2000ದಿಂದ ಬರತೊಡಗಿದ ಜಿ-ವೈಎಂಎಂ ಸರಣಿಗೆ ಸಂಸ್ಥೆ ಟ್ರೆಂಟ್ 800ರದೇ ಒಂದು ರೂಪವಾದ ಟ್ರೆಂಟ್ 895 ಹಾಕಿಸಿತು. ಬಣ್ಣ ಎರಡಕ್ಕೂ ಒಂದೇ, ಉದ್ದ ಅಗಲವೂ ಒಂದೇ. ಹೊರಗಿನಿಂದ ನೋಡುವವರಿಗೆ ಗುರುತು ಹಿಡಿಯಲು ಸಿಗುವುದು ಎಂಜಿನ್ ಮತ್ತು ಬಾಲದ ಹತ್ತಿರದ ಆ ಐದು ಅಕ್ಷರ.

ಇದು ಸಂಗ್ರಾಹಕರ ಬಾಯಿಮಾತಲ್ಲ. 2008ರ ಜನವರಿ 17ರಂದು ಹೀಥ್ರೂನಲ್ಲಿ ರನ್‌ವೇ ಮುಟ್ಟುವ ಮೊದಲೇ ನೆಲಕ್ಕಪ್ಪಳಿಸಿದ ವಿಮಾನ ಜಿ-ವೈಎಂಎಂಎಂ. ಇಂಧನದಲ್ಲಿದ್ದ ಮಂಜುಗಡ್ಡೆ ಅದರ ಟ್ರೆಂಟ್ ಎಂಜಿನ್‌ಗಳ ಶಾಖ ವಿನಿಮಯಕವನ್ನು ಕಟ್ಟಿಹಾಕಿದ್ದೇ ಕಾರಣವೆಂದು ತನಿಖೆ ಹೇಳಿತು. 2015ರ ಸೆಪ್ಟೆಂಬರ್ 8ರಂದು ಲಾಸ್ ವೇಗಸ್‌ನಲ್ಲಿ ಹಾರಲು ಓಡುತ್ತಿದ್ದಾಗ ಎಡ ಎಂಜಿನ್‌ಗೆ ಬೆಂಕಿ ಬಿದ್ದದ್ದು ಜಿ-ವಿಐಐಒಗೆ, ಅದರದ್ದು ಜಿಇ90. ಎರಡು ಸರಣಿ, ಎರಡು ಎಂಜಿನ್, ಎರಡೂ ಸಾರ್ವಜನಿಕ ತನಿಖಾ ವರದಿಗಳಲ್ಲಿ ದಾಖಲು. ಬ್ರಿಟನ್ನಿನ ನಾಗರಿಕ ವಿಮಾನಯಾನ ಪ್ರಾಧಿಕಾರದ ನೋಂದಣಿ ಪಟ್ಟಿಯಲ್ಲೂ ಒಂದೊಂದು ವಿಮಾನಕ್ಕೂ ಎಂಜಿನ್ ಯಾವುದೆಂದು ಬರೆದಿರುತ್ತಾರೆ.

ಇನ್ನು ಅಳೆಯುವುದೊಂದೇ ಬಾಕಿ. ಜಿ-ವಿಐಐ ಸರಣಿಯ ಜಿಇ90ರ ಫ್ಯಾನ್ ವ್ಯಾಸ 123 ಇಂಚು, ಅಂದರೆ 3.12 ಮೀಟರ್. ಟ್ರೆಂಟ್ 800ರದು 110 ಇಂಚು, 2.79 ಮೀಟರ್. 1:400ರಲ್ಲಿ ಇವು 7.8 ಮತ್ತು 7.0 ಮಿಲಿಮೀಟರ್ ಆಗುತ್ತವೆ. ಹೊಸ ಮಾದರಿಯ ಎಂಜಿನ್ ಬಾಯೊಳಗೆ, ಫ್ಯಾನ್ ಕೂತಿರುವಲ್ಲಿ ಕ್ಯಾಲಿಪರ್‌ನ ಒಳ ಅಳತೆಯ ಮೊನೆ ಇಟ್ಟರೆ 7.7 ತೋರಿಸಿತು. ಜಿ-ವಿಐಐಎಯಲ್ಲೂ ಅಷ್ಟೇ. 0.8 ಮಿಲಿಮೀಟರ್ ವ್ಯತ್ಯಾಸ ಅಂದರೆ ನಿಜದಲ್ಲಿ ಒಂದಡಿಗಿಂತ ಹೆಚ್ಚು. ಗೊತ್ತಿದ್ದವರ ಕಣ್ಣಿಗೆ ಕೋಣೆಯ ಆಚೆಯಿಂದಲೂ ಕಾಣುತ್ತದೆ: ಟ್ರೆಂಟ್ ತೆಳ್ಳಗೆ ನೀಳವಾಗಿ ರೆಕ್ಕೆಯ ಕೆಳಗೆ ನೇತಾಡುತ್ತದೆ, ಜಿಇ90 ದಪ್ಪಗೆ ತುಂಬಿಕೊಂಡಿರುತ್ತದೆ.

ಫ್ಯಾನಿನ ಅಲಗುಗಳನ್ನು ಎಣಿಸಬಹುದಲ್ಲವೇ ಎಂದು ಗೆಳೆಯರು ಕೇಳಿದರು. ಜಿಇ90ಕ್ಕೆ 22 ಅಲಗು, ಟ್ರೆಂಟ್ 800ಕ್ಕೆ 26, ಲೆಕ್ಕ ಸರಿಯೇ. ಆದರೆ ಈ ಗಾತ್ರದಲ್ಲಿ ಎಷ್ಟು ಅಲಗು ಮೂಡುತ್ತದೋ ಅಷ್ಟನ್ನು ಕೊರೆದು ಮುಂದಕ್ಕೆ ಹೋಗುವುದು ಸಾಮಾನ್ಯ. ಅಲಗಿನ ಲೆಕ್ಕ ತಪ್ಪಿದ್ದಕ್ಕೆ ಎಂಜಿನ್ ತಪ್ಪೆನ್ನಲಾಗದು, ಲೆಕ್ಕ ಹೊಂದಿದರೂ ಸರಿಯೆನ್ನಲಾಗದು. ವ್ಯಾಸ ಮತ್ತು ಕವಚದ ಪಕ್ಕದ ಆಕಾರ, ನಾನು ನಂಬುವುದು ಇವೆರಡನ್ನೇ.

ಅಚ್ಚು, ಮುದ್ರಣ, ಜೋಡಣೆ ಎಂದು ನಾನು ಹಾಕಿಕೊಂಡ ಗೆರೆಗಳಲ್ಲಿ ಈ ದೋಷ ಎಲ್ಲಿಯೂ ಸಲೀಸಾಗಿ ಕೂರುವುದಿಲ್ಲ. ಈಗಿನ ಮಾದರಿಗಳಲ್ಲಿ ಎಂಜಿನ್‌ಗಳನ್ನು ಬೇರೆಯಾಗಿ ಎರಕ ಹೊಯ್ದು, ಒಂದೇ ಒಡಲಿಗೆ ಬೇಕಾದ ಎಂಜಿನ್ ಸಿಕ್ಕಿಸುತ್ತಾರೆ. ಎಂಜಿನ್ ಆಗಿ ಅದು ಸರಿಯೇ ಇದೆ, ಮುದ್ರಿಸಿದ ಅಕ್ಷರಗಳಲ್ಲೂ ತಪ್ಪಿಲ್ಲ, ಸಿಕ್ಕಿಸಿದ ಕೈಯೂ ಅಚ್ಚುಕಟ್ಟು. ತಪ್ಪಿದ್ದು ಈ ನೋಂದಣಿಗೆ ಈ ಎಂಜಿನ್ ಎಂದು ಆರಿಸಿದವರು. ಹಾಗಾಗಿ ಆ ಬಿಡುಗಡೆಯ ಅಷ್ಟೂ ಮಾದರಿಗಳಲ್ಲಿ ಇದೇ ಇರುತ್ತದೆ ಎಂಬುದು ನನ್ನ ಊಹೆಯಾಗಿತ್ತು.

ಲೆಕ್ಕಕ್ಕೆ ತೆಗೆದುಕೊಳ್ಳದ ಕೆಲವು ಸಂಗತಿಗಳನ್ನೂ ಹೇಳಬೇಕು, ಏಕೆಂದರೆ ಗೆಳೆಯರು ಅವನ್ನೂ ಬರೆದುಕೊಂಡಿದ್ದರು. ಬೆನ್ನ ಮೇಲಿನ ಆಂಟೆನಾಗಳು ದಪ್ಪ ಎಂದರು. ನಿಜ ಆಂಟೆನಾದ ಅಲಗನ್ನು 400ರಿಂದ ಭಾಗಿಸಿದರೆ ಕಾಗದಕ್ಕಿಂತ ತೆಳುವಾಗುತ್ತದೆ, ಲೋಹದಲ್ಲಿ ನಿಲ್ಲುವುದಿಲ್ಲ. ದಪ್ಪವನ್ನು ಕ್ಷಮಿಸುತ್ತೇನೆ, ಜಾಗ ತಪ್ಪಿದ್ದರೆ ಕ್ಷಮಿಸುವುದಿಲ್ಲ. ಇಲ್ಲಿ ಜಾಗ ಸರಿಯಿತ್ತು. ರೆಕ್ಕೆಯ ಮೇಲಿನ ಕೊರೆದ ಗೆರೆಗಳೂ ಹಾಗೆಯೇ. ನಿಜವಾದ ಸಂದು ಕೆಲವೇ ಮಿಲಿಮೀಟರ್ ಅಗಲ, ಈ ಅಳತೆಯಲ್ಲಿ ಕಣ್ಣಿಗೆ ಕಾಣಲೇಬಾರದು. ಕಾಣುವಂತೆ ಕೊರೆದ ಗೆರೆ ಯಾವುದೇ ಇರಲಿ, ಅಳತೆ ಮೀರಿದ್ದೇ. ಅದು ತೆಳುವಾಗಿ, ಒಂದೇ ಆಳದಲ್ಲಿ ಇದ್ದರೆ ನನಗೆ ಸಾಕು.

ತೀರ್ಪು ಮತ್ತು ನಂತರ

ನಾನು ಹೇಳಿದ್ದು ಇಷ್ಟು. ಒಂದು ಚೆಂದದ 777 ಬೇಕು ಎನ್ನುವವರಾಗಿದ್ದರೆ ರೆಕ್ಕೆ, ಚಕ್ರಗಳಿಗಾಗಿ ಬದಲಿ ತರಿಸಿಕೊಂಡು ಇಟ್ಟುಕೊಳ್ಳಿ ಎನ್ನುತ್ತಿದ್ದೆ. ಗಾಜಿನ 0.3 ಮಿ.ಮೀ. ಒಂದು ಕೊರತೆ, ಆದರೆ ಅದರ ಜೊತೆ ಬಾಳಬಹುದು. ನಿಮಗೆ ಬೇಕಿದ್ದದ್ದು ಎರಡು ಎಂಜಿನ್‌ಗಳ ವ್ಯತ್ಯಾಸ, ಈ ಮಾದರಿಯಲ್ಲಿ ಅದೇ ಇಲ್ಲ. ಹಾಗಾಗಿ ಇದು ನಿಮ್ಮದಲ್ಲ.

ಇನ್ನೊಂದು ದಾರಿಯನ್ನೂ ಮುಂದಿಟ್ಟೆ. ಎಂಜಿನ್ ಬದಲಿಸುವುದು ಕಷ್ಟ, ಅಕ್ಷರ ಬದಲಿಸುವುದು ಸುಲಭ. ಬಾಲದ ಹತ್ತಿರದ ಮತ್ತು ರೆಕ್ಕೆಯ ಅಡಿಯ ನೋಂದಣಿಯನ್ನು ಜೋಪಾನವಾಗಿ ಉಜ್ಜಿ ತೆಗೆದು, ಜಿ-ವಿಐಐ ಸರಣಿಯ ಇನ್ನೊಂದು ವಿಮಾನದ ಅಕ್ಷರಗಳನ್ನು ಡೆಕಾಲ್‌ನಲ್ಲಿ ಅಂಟಿಸಿದರೆ ಅದೇ ಮಾದರಿ ಸರಿಯಾದ ವಿಮಾನವಾಗಿಬಿಡುತ್ತದೆ. ಮೂಲ ಸ್ಥಿತಿಯಲ್ಲಿ ಉಳಿಯಬೇಕೆನ್ನುವವರು ಇದನ್ನು ಒಪ್ಪುವುದಿಲ್ಲ, ಮುಂದೆ ಮಾರಲು ಹೋದರೆ ಬೆಲೆಯೂ ಇಳಿಯುತ್ತದೆ. ನನಗಂತೂ ಪೆಟ್ಟಿಗೆಯ ಶುದ್ಧತೆಗಿಂತ ವಿಮಾನದ ಸತ್ಯ ಹೆಚ್ಚು. ಗೆಳೆಯರು ಯೋಚಿಸಿ ಬೇಡವೆಂದರು. ಜಿಇ90 ಹೊತ್ತದ್ದು ಒಂದು ಮನೆಯಲ್ಲಿ ಇದ್ದೇ ಇದೆಯಲ್ಲ.

ಅವರು ಮಾರಾಟಗಾರರಿಗೆ ಬರೆದ ಕಾಗದದಲ್ಲಿ "ಚೆನ್ನಾಗಿಲ್ಲ" ಎಂಬ ಮಾತೇ ಇರಲಿಲ್ಲ. ರೆಕ್ಕೆಯ ಎರಡು ತುದಿಗಳ ಎತ್ತರ, ಚಕ್ರದ ಚಿತ್ರ, ಎಂಜಿನ್ ವ್ಯಾಸ, ಟ್ರೆಂಟ್‌ಗೆ ಇರಬೇಕಾದ ವ್ಯಾಸ, ನೋಂದಣಿ ಪಟ್ಟಿಯ ಸಾಲು, ಇಷ್ಟೇ. ಮಾರಾಟಗಾರರು ಮೊದಲು ಬದಲಿ ಕಳಿಸಿದರು. ಹೊಸದರಲ್ಲಿ ರೆಕ್ಕೆಗಳು ಸಮ, ಹದಿನಾಲ್ಕೂ ಚಕ್ರ ನೆಲದ ಮೇಲೆ. ಗಾಜು ಅದೇ ತಗ್ಗಿನಲ್ಲಿತ್ತು, ಎಂಜಿನ್ ಬಾಯಿ ಮತ್ತೆ 7.7. ಅದನ್ನೂ ಅಳೆದು ತಿಳಿಸಿದ ಮೇಲೆ ತಕರಾರಿಲ್ಲದೆ ಹಣ ಹಿಂತಿರುಗಿಸಿದರು.

ಜಿ-ವೈಎಂಎಂ ಸರಣಿಯ ಹುಡುಕಾಟ ನಿಂತಿಲ್ಲ. ಮುಂದಿನದಕ್ಕೆ ಹಣ ಕಟ್ಟುವ ಮೊದಲು ಗೆಳೆಯರು ಮಾರಾಟಗಾರರಿಂದ ಒಂದು ಫೋಟೊ ತರಿಸಿಕೊಳ್ಳಲಿದ್ದಾರೆ: ಮಾದರಿಯನ್ನು ನೇರ ಎದುರಿನಿಂದ, ಒಂದೂವರೆ ಮೀಟರ್ ದೂರದಿಂದ ತೆಗೆದದ್ದು. ಅದರಲ್ಲಿ ಎಂಜಿನ್ ಬಾಯಿಯ ಅಗಲವನ್ನು ಒಡಲಿನ 15.5 ಮಿಲಿಮೀಟರ್ ಜೊತೆ ಹೋಲಿಸಿದರೆ ಸಾಕು. ಟ್ರೆಂಟ್ ಆಗಿದ್ದರೆ ಅದು ಅರ್ಧಕ್ಕಿಂತ ಸ್ಪಷ್ಟವಾಗಿ ಕಡಿಮೆ ಇರುತ್ತದೆ, ಜಿಇ90 ಆಗಿದ್ದರೆ ಸರಿಸುಮಾರು ಅರ್ಧ.